ಹುರಿದ ಕಾಳಿನ ಘಮ

"ಸಾಕು" ಎನ್ನಲು ನಾದಿನಿ ಬಾಯಿ ತೆರೆಯುವ ಮೊದಲೇ ಅತ್ತಿಗೆ ಒಲೆ ಆರಿಸಿಬಿಟ್ಟಿದ್ದಳು. ರಾತ್ರಿಯಿಡೀ ನೆನೆದು, ಬಟ್ಟೆಯ ಮೇಲೆ ಆರಿ, ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬಂದ ಸೋಯಾ ಕಾಳು ಬಾಣಲೆಯಲ್ಲಿ ಇನ್ನೂ ಚಟಪಟ ಎನ್ನುತ್ತಿತ್ತು.

ಎಂಟು ತಿಂಗಳ ಹಿಂದಿನ ಜ್ವರ ಅತ್ತಿಗೆಯ ಮೂಗಿನಿಂದ ವಾಸನೆಯನ್ನೇ ಕಿತ್ತುಕೊಂಡು ಹೋಗಿತ್ತು. ಮನೆಯಲ್ಲೇ ಕಾಳು ಹುರಿದು ಮಾರಿ ಬದುಕುವವಳಿಗೆ ಅದು ಕೈ ಮುರಿದಂತೆಯೇ. ಮೊದಲ ವಾರ ಮೂರು ಬಾಣಲೆ ಕಾಳು ಸೀದು ಕರಕಲಾಯಿತು. ಆಗ ತನ್ನ ಹೊಲಿಗೆ ಯಂತ್ರವನ್ನು ಅಡುಗೆಮನೆಗೇ ಎಳೆದು ತಂದವಳು ನಾದಿನಿ. "ನನ್ ಮೂಗು ಇಷ್ಟು ದಿನ ಸುಮ್ನೆ ಮುಖದ ಮೇಲೆ ಕೂತಿತ್ತು ಅತ್ತಿಗೆ, ಈಗಲಾದ್ರೂ ದುಡೀಲಿ ಬಿಡಿ" ಎಂದು ನಕ್ಕಿದ್ದಳು. ಅಂದಿನಿಂದ ಬಟ್ಟೆ ಹೊಲಿಯುತ್ತಲೇ ಮೂಗರಳಿಸಿ, ಸರಿಯಾದ ಕ್ಷಣಕ್ಕೆ "ಸಾಕು" ಎನ್ನುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಹೊರಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಈಗ ನಾದಿನಿಯ ಕಾಲು ಯಂತ್ರ ತುಳಿಯುವುದನ್ನು ಮರೆತು ನಿಂತಿತು. "ಹೇಗೆ ಗೊತ್ತಾಯ್ತು? ಅಂದಾಜಿನ ಮೇಲೆ ಆರಿಸಿದ್ರಾ?"

"ಇಲ್ಲ. ಹಸಿ ವಾಸನೆ ಹೋಯ್ತು, ಆಮೇಲೆ ಘಮ್ ಅಂತು." ಅತ್ತಿಗೆ ಬಾಣಲೆಯ ಮೇಲೆ ಬಗ್ಗಿ ಮತ್ತೊಮ್ಮೆ ಮೂಸಿದಳು.

"ಹಾಗಾದ್ರೆ ನನ್ ನೌಕ್ರಿ ಹೋಯ್ತು ಅನ್ನಿ!" ಎನ್ನುವಷ್ಟರಲ್ಲಿ ನಾದಿನಿಯ ಕಣ್ಣು ತುಂಬಿತ್ತು.

ಕಾಳು ಆರಿ ಗರಿಗರಿಯಾಯಿತು. ಅತ್ತಿಗೆ ಉಪ್ಪು ಖಾರ ಬೆರೆಸಿ, ಮೊದಲ ಹಿಡಿಯನ್ನು ನಾದಿನಿಯ ಅಂಗೈಗೆ ಸುರಿದು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೊದ್ಲು ನೀನು ತಿನ್ನು. ಇಷ್ಟು ದಿನ ಈ ಮನೆ ಉಂಡಿದ್ದು ನಿನ್ನಿಂದ."