ಅಯಸ್ಕಾಂತ ಅಂಟದ ಜಾಗ

ಬೀಗದ ಕೈ ಗಂಡನ ಕೋಟಿನ ಜೇಬಿನಲ್ಲೇ ಇತ್ತು, ಆದರೆ ಹೊರಗೆ ಬರಲೊಲ್ಲದು. ಜಗ್ಗಿದಾಗ ಅದಕ್ಕೆ ಕಚ್ಚಿಕೊಂಡಿದ್ದ ಅಯಸ್ಕಾಂತದ ದಪ್ಪ ಬಿಲ್ಲೆಯೂ ಬಂತು. ಬಿಲ್ಲೆಯ ತುಂಬ ಸ್ಕ್ರೂ, ಗುಂಡುಪಿನ್ನು, ತಿಂಗಳ ಹಿಂದೆ ಅವಳು ಮನೆಯೆಲ್ಲ ಜಾಲಾಡಿ ಹುಡುಕಿದ್ದ ಹೇರ್‌ಪಿನ್ನು. ಬಿಲ್ಲೆಯ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ, 'ಟಿಂಕರ್ ಅಣ್ಣನದು. ವಾಪಸ್ ಕೊಡು.' ಕೊನೆಯ ನೆಂಟರು ಹಿಂದಿನ ಸಂಜೆ ಹೊರಟುಹೋಗಿದ್ದರು. ಅವನ ಅಂತ್ಯಕ್ರಿಯೆ ಆದ ಮೇಲೆ ಮನೆಯಲ್ಲಿ ಯಾರೂ ಅಳದ, 'ಒಂದು ತುತ್ತಾದರೂ ತಿನ್ನಮ್ಮ' ಎಂದು ಯಾರೂ ಒತ್ತಾಯಿಸದ ಮೊದಲ ಬೆಳಗು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು, ಅವನೇ ಬರೆದಿಟ್ಟಿದ್ದನ್ನು ಕೂಗಿ ನೆನಪಿಸಿತು: 'ಹೆಡ್‌ಮಾಸ್ತರ್ ಕಾರು ನೋಡೋದು, ಹತ್ತು ಗಂಟೆ. ಅವಳನ್ನೂ ಕರ್ಕೊಂಡು ಹೋಗು. ಮೊದಲು ಮೈ, ಆಮೇಲೆ ತಳ, ಕೊನೆಗೆ ಉಸಿರು.'

ಬರುವುದಿಲ್ಲ ಎಂದು ಕಾರಿನವರಿಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಗಂಡ ಹೋದ ಎಂಬ ಆ ಒಂದು ಮಾತಿಗೆ ಹದಿನೈದು ದಿನದಿಂದ ಅವಳ ನಾಲಿಗೆ ಏಳುತ್ತಿರಲಿಲ್ಲ. ಹೇಳುವ ಕೆಲಸವನ್ನೆಲ್ಲ ನೆಂಟರೇ ಮಾಡಿದ್ದರು. ಅದಕ್ಕಿಂತ ಹೋಗುವುದೇ ಸುಲಭವೆನಿಸಿ, ಬಿಲ್ಲೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದಳು.

ಕಾರಿನ ಒಡೆಯರಾದ ನಿವೃತ್ತ ಹೆಡ್‌ಮಾಸ್ತರರು ಒರೆಸುವ ಬಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಹಿಂದೆ ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿತ್ತು.

"ಯಜಮಾನರೆಲ್ಲಮ್ಮ? ಮೂರು ಸಲ ಬಂದು ಸುತ್ತು ಹಾಕಿ ಹೋದ್ರು. 'ನನಗೆ ಕಾರು ಕಂಡ್ರೆ ಕಣ್ಣು ಕಾಣಲ್ಲ ಸಾರ್, ತಪ್ಪು ಹುಡುಕೋಕೆ ನನ್ನ ಹೆಂಡ್ತೀನೇ ಬರಬೇಕು' ಅಂತಿದ್ರು."

"ಅವರು ಬರೋದಿಲ್ಲ." ಅಷ್ಟೇ ಹೇಳಿ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಹಾಗಾದ್ರೆ ಮುಗೀತು ಬಿಡಿ. ಮಧ್ಯಾಹ್ನ ಗುಜರಿಯವನು ಬರ್ತಾನೆ. ತಳ್ಳೋ ಗಾಡಿಯವನು ತಗಡು ಕೊಂಡ ಹಾಗೆ ಕೊಂಡು ಹೋಗ್ತಾನೆ."

ಅವಳು ಕಾರನ್ನು ನೋಡಿದಳು. "ಬಂದಿದ್ದೀನಲ್ಲ ಸಾರ್, ನೋಡೇ ಹೋಗ್ತೀನಿ," ಎಂದು ಚೀಲದಿಂದ ಬಿಲ್ಲೆ ತೆಗೆದು, ಬಣ್ಣ ಗೀರದಂತೆ ಕರವಸ್ತ್ರದಲ್ಲಿ ಸುತ್ತಿದಳು. ಹೆಡ್‌ಮಾಸ್ತರರ ಮುಖ ಸಪ್ಪಗಾಯಿತು. ತಗಡಿದ್ದಲ್ಲಿ ಅಂಟುತ್ತದೆ, ಬಣ್ಣದ ಕೆಳಗೆ ಗುಳಿ ಮುಚ್ಚಲು ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಊಟದ ತಟ್ಟೆಯ ಮುಂದೆ ಗಂಡ ಇದನ್ನು ನೂರು ಸಲ ಹೇಳಿದ್ದ. ಬಾನೆಟ್ಟು, ಅಂಟಿತು. ಬಲಬಾಗಿಲು, ಅಂಟಿತು. ಎಡಗಡೆ ಹಿಂದಿನ ಚಕ್ರದ ಮೇಲಿನ ಮೈಗೆ ಇಟ್ಟಳು. ಬಿಲ್ಲೆ ಜಾರಿ ಅವಳ ಅಂಗೈಗೆ ಬಿತ್ತು. ಮತ್ತೆ ಇಟ್ಟಳು. ಮತ್ತೆ ಬಿತ್ತು.

"ಮೇಲೆ ಥಳುಕು, ಒಳಗೆ ಹುಳುಕು," ಎಂದಳು. ತನ್ನ ದನಿ ತನಗೇ ಹೊಸದೆನಿಸಿತು.

ಹೆಡ್‌ಮಾಸ್ತರರು ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇಪ್ಪತ್ತು ವರ್ಷದಿಂದ ಅದನ್ನ ನಮ್ಮನೆಯವಳು ಗೇಟಿಗೆ ಗುದ್ದಿದ್ದು ಅಂತ ಹೇಳ್ತಿದ್ದೆ. ನಾನೇ ಗುದ್ದಿದ್ದು."

"ಕೊನೆಗೂ ಬಾಯಿಬಿಟ್ರಲ್ಲ!" ಅಡುಗೆಮನೆಯ ಕಿಟಕಿಯಿಂದ ಹೆಂಗಸಿನ ದನಿ ಬಂತು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಒರೆಸಿದ್ದೇ ಒರೆಸಿದ್ದು. ಸರಿಯಾಗಿ ನೋಡಮ್ಮ, ಬಿಡಬೇಡ!"

ಅವಳು ಬಿಡಲಿಲ್ಲ. ನೆಲಕ್ಕೆ ಮಲಗಿ ಟಾರ್ಚು ಹಾಕಿ ತಳ ನೋಡಿದಳು. ಎಡ ಸೀಟಿನ ಕೆಳಗೆ ಬೆರಳು ಒತ್ತಿದರೆ ತುಕ್ಕು ಪುಡಿಯಾಗಿ ಕಣ್ಣಿಗೇ ಉದುರಿತು. ಆದರೆ ಉದ್ದಕ್ಕೂ ಹೋಗಿದ್ದ ಕಬ್ಬಿಣದ ತೊಲೆಗಳು ಗಟ್ಟಿಯಿದ್ದವು. ಕಣ್ಣುಜ್ಜಿಕೊಳ್ಳುತ್ತ ಎದ್ದಳು. ಉಳಿದದ್ದು ಉಸಿರು.

"ಒಳಗೆ ಕೂತು ಟಾಪ್ ಗೇರಿಗೆ ಹಾಕಿ, ಸಾರ್. ತಳ್ತೀನಿ. ಎಂಜಿನ್ ಜಾಮ್ ಆಗಿದ್ರೆ ತಿರುಗಲ್ಲ."

"ಹನ್ನೊಂದು ವರ್ಷ ಆಯ್ತು ಅದು ನಿಂತು..."

ತಳ್ಳಿದಳು. ಕಾರು ಕದಲಲಿಲ್ಲ. ಹೆಡ್‌ಮಾಸ್ತರರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಭುಜ ಕೊಟ್ಟರು. "ಒಬ್ಬಳೇ ಯಾಕೆ ತಳ್ತೀಯ? ಹೂಂ, ಈಗ!" ಒಂದು ಗೇಣು ಹೋಯಿತು. ಬಾನೆಟ್ಟಿನ ಒಳಗೆಲ್ಲೋ 'ಫುಸ್' ಎಂದಿತು. ಇನ್ನೊಂದು ಗೇಣು. ಮತ್ತೆ 'ಫುಸ್', ನಿದ್ದೆ ಹೋದವರು ಮಗ್ಗುಲು ಬದಲಿಸಿದ ಹಾಗೆ.

"ಬದುಕಿದೆ!" ಹೆಡ್‌ಮಾಸ್ತರರು ಹುಡುಗನಂತೆ ಸ್ಟಿಯರಿಂಗ್ ಕುಟ್ಟಿದರು. "ಇದನ್ನ ಮೊದಲು ಯಜಮಾನರಿಗೆ ಹೇಳಬೇಕು, ಫೋನ್ ಮಾಡಮ್ಮ!"

"ಅವರು ಹೋಗಿಬಿಟ್ರು, ಸಾರ್. ಹದಿನೈದು ದಿನ ಆಯ್ತು."

ಹೇಳಿಯಾಯಿತು. ಪಕ್ಕದಲ್ಲಿದ್ದ ಭುಜ ಹಾಗೇ ಒತ್ತಿಕೊಂಡಿತ್ತು. ಅವಳು ಉಸಿರೆಳೆದುಕೊಂಡು, "ಗುಜರಿಯವನಿಗೆ ಬರಬೇಡ ಅಂತ ಹೇಳಿ. ಇದು ನನಗೆ ಬೇಕು," ಎಂದಳು.

ಸಂಜೆ ಬಸ್ಸಿಳಿದವಳು ನೇರ ಟಿಂಕರ್ ಅಣ್ಣನ ಅಂಗಡಿಗೆ ಹೋದಳು. ಮಡ್ಗಾರ್ಡ್ ಬಡಿಯುತ್ತಿದ್ದವನು ಅವಳ ಕೈಯಲ್ಲಿ ಬಿಲ್ಲೆ ಕಂಡು ಸುತ್ತಿಗೆ ಕೆಳಗಿಟ್ಟ.

"ಅಯ್ಯೋ ತಂಗಿ, ಅದಕ್ಕೋಸ್ಕರ ಬಂದ್ಯಾ? ಇರ್ಲಿ, ಅವನ ನೆನಪಿಗೆ ಇಟ್ಕೋ."

"ಬೇಡಣ್ಣ. ಅವರು ತಗೊಂಡಿದ್ದು, ವಾಪಸ್ ಕೊಡಬೇಕು."

ಗೋಡೆಗೆ ಬಡಿದ ತಗಡಿನ ಮೇಲೆ ಒಂದೊಂದು ಸಾಮಾನಿಗೂ ಸುಣ್ಣದ ಗೆರೆ ಎಳೆದ ಜಾಗವಿತ್ತು. ಒಂದು ದುಂಡನೆಯ ಜಾಗ ಖಾಲಿ. ಅವಳು ಹತ್ತಿರ ಹಿಡಿದಳಷ್ಟೆ. ಕೈ ಬಿಡುವ ಮೊದಲೇ ಬಿಲ್ಲೆ ಬೆರಳುಗಳಿಂದ ಹಾರಿ 'ಟಕ್' ಎಂದು ಅಂಟಿಕೊಂಡಿತು.

"ಮತ್ತೆ ಬೇಕಾಗಲ್ವಾ?"

"ಕಾರಿನ ಹುಳುಕೆಲ್ಲ ನೋಡಿ ಆಯ್ತಣ್ಣ," ಎಂದಳು. "ನಾಳೆ ಬೆಳಿಗ್ಗೆ ಸುತ್ತಿಗೆ ಬೇಕು."