ಕೊನೆಯ ಭ್ರೂಣ

ಕಸ್ತೂರಿಗೆಂದು ಪ್ರಯೋಗಾಲಯದಲ್ಲಿ ಬೆಳೆಸಿದ್ದರಲ್ಲಿ ಉಳಿದಿದ್ದ ಒಂದೇ ಭ್ರೂಣವನ್ನು ಡಾಕ್ಟರ್ ವಿದುಲಾ ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದರು. ಜೀವಕೋಶಗಳು ಒಡೆದು ಚೂರಾಗಿದ್ದವು, ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗಿತ್ತು. ಕೊನೆಯ ದರ್ಜೆ ಎಂದು ಬರೆಯದೆ ಬೇರೆ ದಾರಿ ಇರಲಿಲ್ಲ.

ಅವರು ಹೊರಗೆ ಬಂದಾಗ ಕಸ್ತೂರಿಯ ಗಂಡ ಫ್ಲಾಸ್ಕಿನಿಂದ ಹಾಲು ಬಗ್ಗಿಸಿ, ಆರಿಸಿ ಆರಿಸಿ ಹೆಂಡತಿಗೆ ಕುಡಿಸುತ್ತಿದ್ದ.  ವಿದುಲಾ ಕಸ್ತೂರಿಯೊಬ್ಬಳನ್ನೇ ಒಳಗೆ ಕರೆದರು.

“ನೋಡಮ್ಮ, ಇದು ನಿಲ್ಲೋ ಭ್ರೂಣ ಅಲ್ಲ. ಗರ್ಭಕ್ಕೆ ಹಾಕಿದ್ರೂ ವ್ಯರ್ಥ.”

“ಹಾಕ್ರಿ ಡಾಕ್ಟ್ರ.”

“ಹೋದ ಸಲ ಎಷ್ಟು ಅತ್ತೆ, ನೆನಪಿದೆಯಾ? ಮತ್ತೆ ಆಸೆ ಇಟ್ಕೋಬೇಡ.”

“ಆಸೆ ಏನೂ ಇಲ್ರಿ. ನಿಲ್ಲಂಗಿಲ್ಲ ಅಂತ ನನಗೂ ಗೊತ್ತೈತಿ.”

“ಮತ್ಯಾಕೆ ಹಟ? ನಿನ್ನ ಗಂಡ ಒಳ್ಳೆಯವನು. ನಾನೇ ಕೂರಿಸಿಕೊಂಡು ಹೇಳ್ತೀನಿ, ಅರ್ಥ ಮಾಡ್ಕೋತಾನೆ.”

ಕಸ್ತೂರಿ ಥಟ್ಟನೆ ಎದ್ದು ಬಾಗಿಲಿನ ಚಿಲಕ ಹಾಕಿದಳು. ತಿರುಗಿ ಬಂದು ಡಾಕ್ಟರ ಎರಡೂ ಕೈ ಹಿಡಿದುಕೊಂಡಳು.

“ಅವರಿಗೆ ಹೇಳಬ್ಯಾಡ್ರಿ. ಹೊಟ್ಟ್ಯಾಗ ಕೂಸೈತಿ ಅಂದ್ರ, ಟೆಸ್ಟ್ ಮಾಡೋತನಕ ಅವರು ನನ್ನ ಹೊಡಿಯಂಗಿಲ್ರಿ.”