ಬಾಯಿ ಮೇಲಿನ ಬೆರಳು

ಮೊನ್ನೆ ಕೂಡ್ಲಿಗಿಯಲ್ಲಿ ಮಗಳ ಶಾಲೆಗೆ ಹೋದಾಗ ಟೀಚರು ಡಸ್ಟರಿನಿಂದ ಟೇಬಲ್ ಬಡಿದು ಮಕ್ಕಳನ್ನು ಸುಮ್ಮನಾಗಿಸಿದರು. ಸೀಮೆಸುಣ್ಣದ ಧೂಳು ಮೂಗಿಗೆ ಬಡಿದದ್ದೇ ತಡ, ನನ್ನ ಹಳೇ ಸಿಟ್ಟು ನೆತ್ತಿಗೇರಿತು.

ನಾನಾಗ ಹಂಪಸಾಗರದಲ್ಲಿ ಮೂರನೇ ಕ್ಲಾಸು. ನಾವು ಗದ್ದಲ ಮಾಡಿದರೆ ನಮ್ಮ ಮೇಷ್ಟ್ರೂ ಹೀಗೇ ಡಸ್ಟರು ಕುಟ್ಟಿ, "ಬಾಯಿ ಮ್ಯಾಲ ಬೆರಳಿಡ್ರಿ! ಯಾರರ ಪಿಟಕ್ ಅಂದ್ರ ನೋಡ್ರಿ ಮತ್ತ" ಅನ್ನುತ್ತಿದ್ದರು.

ಅವತ್ತು ಮಧ್ಯಾಹ್ನ ನನ್ನ ಪಕ್ಕದಲ್ಲಿದ್ದ ಗಂಗಿ, ಬಾಯಿ ಮೇಲಿನ ಬೆರಳು ತೆಗೆಯದೆ, ಇನ್ನೊಂದು ಕೈಯ ಕಿರುಬೆರಳು ಎತ್ತಿದಳು. ಮೇಷ್ಟ್ರು ನೋಡಿದರು. ನೋಡಿಯೇ ಬೋರ್ಡಿನ ಕಡೆ ತಿರುಗಿದರು. ಅವಳು ಎರಡೂ ಕಾಲು ಒತ್ತಿ ಹಿಡಿದುಕೊಂಡಳು. ನನಗೆ ತಡೆಯಲಾಗಲಿಲ್ಲ.

"ಸರ್, ಗಂಗಿಗೆ ಒಂದಕ್ಕ ಬಂದೈತ್ರಿ!"

ಡಸ್ಟರು ಹಾರಿಬಂದು ನನ್ನ ಭುಜಕ್ಕೆ ಬಿತ್ತು. "ನಿನ್ನ ಕೇಳಿದ್ನೇನು? ಮುಚ್ಚು ಬಾಯಿ!"

ಸ್ವಲ್ಪ ಹೊತ್ತಿಗೆ ಹಾಸುಗಲ್ಲಿನ ಮೇಲೆ ಹರಿದು ಬಂದದ್ದು ನನ್ನ ಪಾದಕ್ಕೆ ಬೆಚ್ಚಗೆ ತಾಗಿತು. ಯಾರೂ ನಗಲಿಲ್ಲ. ನಗುವುದಕ್ಕೂ ಹೆದರಿಕೆ.

ಅಷ್ಟರಲ್ಲಿ ಹೆಡ್ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. "ಕ್ಲಾಸಂದ್ರ ಹಿಂಗಿರಬೇಕು ನೋಡ್ರಿ" ಅಂತ ನಮ್ಮ ಮೇಷ್ಟ್ರಿಗೆ ಹೇಳಿ ಹೋದರು.

ಗಂಗಿ ಅಳುತ್ತಿದ್ದಳು, ಬಾಯಿ ಮೇಲೆ ಬೆರಳಿಟ್ಟುಕೊಂಡೇ.